ಬಣ್ಣದ ಗಾಜಿನ ಗೃಹಾಲಂಕಾರ

ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಿಂದ ಕೂಡಿಸಿ ಕಿಟಕಿ, ಬಾಗಿಲು, ಛಾವಣಿಗಳಿಗೆ ಕೂರಿಸುವ ಕಲೆ. ಯುರೋಪಿನ ಚರ್ಚುಗಳಲ್ಲಿ ಬೆಳೆದ ಇದು ಮನೆಗಳಲ್ಲಿ ಹರಡಿದ್ದು 19ನೆಯ ಶತಮಾನದಲ್ಲಿ. ಇಂಗ್ಲೆಂಡಿನಲ್ಲಿ ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1861ರಲ್ಲಿ ತೆರೆದ ಸಂಸ್ಥೆ ಇದಕ್ಕೆ ಹೊಸ ಜೀವ ಕೊಟ್ಟಿತು.

ಬಣ್ಣ ಗಾಜಿನ ಮೈಯಲ್ಲೇ ಇರುತ್ತದೆ. ಗಾಜು ಕರಗಿರುವಾಗ ಕೋಬಾಲ್ಟ್ ಸೇರಿಸಿದರೆ ನೀಲಿ. ತಾಮ್ರ ಅಥವಾ ಚಿನ್ನ ಸೇರಿಸಿದರೆ ಕೆಂಪು. ಕಣ್ಣು, ಗರಿ, ಎಲೆಯ ನರಗಳಂಥ ವಿವರಗಳನ್ನು ಮಾತ್ರ ಗಾಜಿನ ಮೇಲೆ ಬರೆದು ಕುಲುಮೆಯಲ್ಲಿ ಸುಡುತ್ತಾರೆ. ಸೀಸದ ಪಟ್ಟಿಯ ಎರಡೂ ಮಗ್ಗುಲಲ್ಲಿ ಸಂದು ಇರುತ್ತದೆ. ತುಂಡಿನ ಅಂಚನ್ನು ಅದರೊಳಗೆ ತೂರಿಸಿ, ಪಟ್ಟಿಗಳು ಕೂಡುವಲ್ಲಿ ಬೆಸುಗೆ ಹಾಕಿ, ಉಳಿದ ಸಂದಿಗೆ ಪುಟ್ಟಿ ತಿಕ್ಕುತ್ತಾರೆ. ಸೀಸ ಮೆತ್ತಗಿನ ಲೋಹ; ದೊಡ್ಡ ಚಿತ್ರವಾದರೆ ಕಬ್ಬಿಣದ ಆಸರೆ ಬೇಕೇ ಬೇಕು.

ಕರ್ನಾಟಕದಲ್ಲಿ ಇದರ ಮೇಲ್ಮಟ್ಟದ ಮಾದರಿ ಮೈಸೂರು ಅರಮನೆಯ ಕಲ್ಯಾಣ ಮಂಟಪ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೊಸದನ್ನು ಕಟ್ಟುವ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ವಹಿಸಿದರು. 1912ರಲ್ಲಿ ಕೆಲಸ ಮುಗಿಯಿತು. ಮರ ಸುಟ್ಟ ಪಾಠದಿಂದ ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಮೊದಲ ಮಣೆ. ಎಂಟು ಮೂಲೆಯ ಮಂಟಪದ ಎರಕದ ಕಂಬಗಳೂ ಗಾಜಿನ ಛಾವಣಿಯೂ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಆದರೆ ಛಾವಣಿಯ ನವಿಲು ಮತ್ತು ಹೂಬಳ್ಳಿಗಳ ವಿನ್ಯಾಸ ಮೈಸೂರಿನ ಕಲಾವಿದರದು. ಚರ್ಚಿನ ಗಾಜು ಗೋಡೆಯಲ್ಲಿ ನಿಂತು ಕಥೆ ಹೇಳಿದರೆ, ಇಲ್ಲಿನದು ನೆತ್ತಿಯ ಮೇಲೆ ಮಲಗಿದೆ. ನಮ್ಮ ಬಿಸಿಲಿಗೆ ಇದೇ ಜಾಣತನದ ಜಾಗ ಎನ್ನಬೇಕು: ಮೇಲಿನಿಂದ ಬೀಳುವ ಬೆಳಕು ಸೋಸಿ ಬರುತ್ತದೆ, ಕಣ್ಣು ಕುಕ್ಕುವುದಿಲ್ಲ. ಅದೇ ಅರಮನೆಯ ಅಂಬಾವಿಲಾಸ ಸಭಾಂಗಣದ ಛಾವಣಿಯಲ್ಲೂ ಇಂಥ ಗಾಜಿದೆ. ಬೆಂಗಳೂರು ಅರಮನೆಯ ದರ್ಬಾರು ಸಭಾಂಗಣದಲ್ಲಿ ಮಾತ್ರ ಗಾಥಿಕ್ ಕಿಟಕಿಗಳದೇ ದರ್ಬಾರು.

ಸಾಮಾನ್ಯ ಮನೆಗಳಿಗೆ ಬಂದದ್ದು ಇದರ ಸರಳ ರೂಪ. ಹಳೆಯ ಬಂಗಲೆಗಳಲ್ಲಿ, ಉತ್ತರ ಕರ್ನಾಟಕದ ವಾಡೆಗಳಲ್ಲಿ ಬಾಗಿಲ ಮೇಲಿನ ಕಮಾನಿಗೆ ಕೆಂಪು, ಹಸಿರು, ನೀಲಿ ಗಾಜನ್ನು ಮರದ ಚೌಕಟ್ಟಿನಲ್ಲೇ ಕೂರಿಸುತ್ತಿದ್ದರು. ಸೀಸವೂ ಇಲ್ಲ, ಬರೆದು ಸುಟ್ಟ ಚಿತ್ರವೂ ಇಲ್ಲ, ಬಡಗಿಯೇ ಸಾಕು. ಕಟ್ಟುನಿಟ್ಟಾಗಿ ನೋಡಿದರೆ ಇದು ಆ ಕಲೆಯಲ್ಲ, ಆದರೂ ಮಧ್ಯಾಹ್ನದ ಪಡಸಾಲೆಯ ನೆಲಕ್ಕೆ ಬಣ್ಣ ಚೆಲ್ಲುವ ಕೆಲಸದಲ್ಲಿ ಕಡಿಮೆಯೇನಲ್ಲ. ಇಂದು ಪೂಜಾಕೋಣೆಯ ಬಾಗಿಲಿಗೆ ಬಿಳಿ ಗಾಜಿನ ಮೇಲೆ ಬಣ್ಣ ಬಳಿಯುವುದೋ ಬಣ್ಣದ ಹಾಳೆ ಅಂಟಿಸುವುದೋ ರೂಢಿ. ಅಗ್ಗ ನಿಜ, ಆದರೆ ಬಿಸಿಲು ಬಿದ್ದಲ್ಲಿ ಹಾಳೆ ಮಂಕಾಗುತ್ತದೆ, ಅಂಚಿನಿಂದ ಏಳುತ್ತದೆ.