ಕುಣಿಯಲು ಯಾರ ಅಪ್ಪಣೆ? ಜರ್ಮನ್ ತೆರೆಯ ಎಳೆಯ ನರ್ತಕರು

1985ರಲ್ಲಿ ಪೂರ್ವ ಜರ್ಮನಿಯ ಚಿತ್ರಮಂದಿರಗಳಿಗೆ 'ಬೀಟ್ ಸ್ಟ್ರೀಟ್' ಎಂಬ ಅಮೆರಿಕನ್ ಚಿತ್ರ ಬಂತು. ತರಿಸಿದ್ದು ಸ್ವತಃ ಸರ್ಕಾರ. ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಯ ಪಾಳುಬಿದ್ದ ಕಟ್ಟಡಗಳು, ಅಲ್ಲಿನ ಕಪ್ಪು ಹುಡುಗರ ಪಾಡು. ಬಂಡವಾಳಶಾಹಿ ಎಂದರೇನೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು ಎಂಬುದು ಅಧಿಕಾರಿಗಳ ಲೆಕ್ಕ. ನಿರ್ಮಾಪಕರಲ್ಲಿ ಒಬ್ಬರಾದ ಹ್ಯಾರಿ ಬೆಲಫಾಂಟೆ ಈ ಅಧಿಕಾರಿಗಳಿಗೆ ಬೇಕಾದವರೂ ಆಗಿದ್ದರು. 1983ರಲ್ಲಿ ಪೂರ್ವ ಬರ್ಲಿನ್ನಿಗೆ ಬಂದು ಹಾಡಿ ಹೋಗಿದ್ದರು. ಹುಡುಗರು ಚಿತ್ರ ನೋಡಿದರು, ಮತ್ತೆ ಮತ್ತೆ ಹೋಗಿ ನೋಡಿದರು. ಅವರಿಗೆ ಕಂಡದ್ದು ನೆಲಕ್ಕೆ ಬೆನ್ನೂರಿ ಬುಗುರಿಯಂತೆ ತಿರುಗುವ ದೇಹ. ಕೆಲವೇ ದಿನಗಳಲ್ಲಿ ಊರೂರಿನ ಚೌಕಗಳಲ್ಲಿ ಬ್ರೇಕ್‌ಡಾನ್ಸ್ ಶುರುವಾಯಿತು.

ಈ ನಿಜ ಸಂಗತಿಯ ಮೇಲೆ ಯಾನ್ ಮಾರ್ಟಿನ್ ಶಾರ್ಫ್ ನಿರ್ದೇಶಿಸಿದ 'ಡೆಸಾವ್ ಡಾನ್ಸರ್ಸ್' (2014) ನಿಂತಿದೆ. ಚಿತ್ರಕಥೆ ರೂತ್ ಟೋಮಾ ಅವರದು. ಡೆಸಾವ್ ಪಟ್ಟಣದ ಫ್ರಾಂಕ್ ಎಂಬ ಹುಡುಗ ಗೆಳೆಯರನ್ನು ಕಟ್ಟಿಕೊಂಡು ಬೀದಿಯಲ್ಲಿ ಕುಣಿಯುತ್ತಾನೆ, ಪೊಲೀಸರು ಹಿಡಿಯುತ್ತಾರೆ. ಆಮೇಲೆ ನಡೆಯುವುದೇ ಚಿತ್ರದ ಜೀವಾಳ. ನಿಲ್ಲಿಸಲಾಗದ್ದನ್ನು ಸರ್ಕಾರ ದತ್ತು ತೆಗೆದುಕೊಳ್ಳುತ್ತದೆ. 'ಬ್ರೇಕ್‌ಡಾನ್ಸ್' ಎಂಬ ಅಮೆರಿಕನ್ ಹೆಸರು ಅಳಿದು 'ಕಸರತ್ತಿನ ಪ್ರದರ್ಶನ ನೃತ್ಯ' ಎಂಬ ಹೊಸ ಹೆಸರು ಬರುತ್ತದೆ. ತರಬೇತುದಾರ ಬರುತ್ತಾನೆ, ವೇದಿಕೆ ಸಿಗುತ್ತದೆ, ಜನಪ್ರಿಯತೆಯೂ ಸಿಗುತ್ತದೆ. ಹೆಜ್ಜೆಗಳು ಅವೇ. ಆದರೆ ಅವನ್ನು ಹಾಕುವ ಹುಡುಗರಿಗೆ ಅವು ತಮ್ಮವು ಅನ್ನಿಸುವುದಿಲ್ಲ.

ಇದು ಕಥೆಗಾರರ ಉತ್ಪ್ರೇಕ್ಷೆಯಲ್ಲ. ಆ ದೇಶದಲ್ಲಿ ಜನರ ಮುಂದೆ ವಾದ್ಯ ನುಡಿಸಬೇಕಾದರೆ ಹವ್ಯಾಸಿ ತಂಡವೂ ಸಮಿತಿಯೊಂದರ ಎದುರು ಪರೀಕ್ಷೆ ಕೊಟ್ಟು ದರ್ಜೆ ಪಡೆಯಬೇಕಿತ್ತು. ಆ ಪರವಾನಗಿಗೆ ಸಂಗೀತಗಾರರು ಇಟ್ಟುಕೊಂಡಿದ್ದ ಹೆಸರು 'ಪಾಪೆ', ಅಂದರೆ ರಟ್ಟು. ರಟ್ಟು ಇದ್ದವನಿಗೆ ಸಂಭಾವನೆ, ಇಲ್ಲದವನಿಗೆ ತೊಂದರೆ. ಆ ಕಾಲದ ನಿಜವಾದ ಬ್ರೇಕರ್‌ಗಳನ್ನು ಹುಡುಕಿಕೊಂಡು ಹೋದ ನೀಕೋ ರಾಶಿಕ್ ಅವರ 'ಹಿಯರ್ ವಿ ಕಮ್' (2006) ಸಾಕ್ಷ್ಯಚಿತ್ರವನ್ನೂ ಶಾರ್ಫ್ ಚಿತ್ರದ ಜೊತೆಗಿಟ್ಟು ನೋಡಬೇಕು.

ಡೆಸಾವ್ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. ಈ ಸಣ್ಣ ಊರು ದೇಹದ ಚಲನೆಯ ಬಗ್ಗೆ ಜಗತ್ತಿಗೇ ಪಾಠ ಹೇಳಿದ್ದ ಊರು. 1926ರಲ್ಲಿ ಇಲ್ಲಿ ತೆರೆದ ಬೌಹೌಸ್ ಕಲಾಶಾಲೆಯ ಕಟ್ಟಡದಲ್ಲಿ ಒಂದು ರಂಗವೇದಿಕೆಯಿತ್ತು. ಆಸ್ಕರ್ ಶ್ಲೆಮ್ಮರ್ ಅಲ್ಲಿ ನರ್ತಕರ ಕೈಕಾಲಿಗೆ ಉದ್ದನೆಯ ಕೋಲುಗಳನ್ನು ಕಟ್ಟಿ, ಮೈ ಬಾಗಿದಂತೆಲ್ಲ ಗಾಳಿಯಲ್ಲಿ ಗೆರೆ ಮೂಡಿಸುವ ಪ್ರಯೋಗ ಮಾಡಿದರು. 1932ರಲ್ಲಿ ನಾಜಿಗಳ ಕೈಗೆ ಹೋಗಿದ್ದ ನಗರಸಭೆ ಆ ಶಾಲೆಗೆ ಬೀಗ ಹಾಕಿಸಿತು. ಫ್ರಾಂಕ್‌ನ ಊರಿನಲ್ಲಿ ಕುಣಿತಕ್ಕೆ ಅಪ್ಪಣೆ ತಪ್ಪಿದ್ದು ಅವನ ಕಾಲದಲ್ಲೇ ಮೊದಲ ಸಲವಲ್ಲ.

ಜರ್ಮನ್ ಸಿನಿಮಾಕ್ಕೆ ನರ್ತಕಿಯ ಮೋಹ ಮೂಕಿ ಕಾಲದ್ದೇ. 1925ರ 'ಬಲ ಮತ್ತು ಸೌಂದರ್ಯದ ಹಾದಿಗಳು' ಎಂಬ ಸಾಕ್ಷ್ಯಚಿತ್ರ ವ್ಯಾಯಾಮ, ನೃತ್ಯಗಳ ಮೂಲಕ ಹೊಸ ದೇಹವನ್ನೇ ಕಟ್ಟುವ ಉತ್ಸಾಹದಲ್ಲಿತ್ತು. ಮರುವರ್ಷ ಆರ್ನಾಲ್ಡ್ ಫಾಂಕ್ ಅವರ 'ಪವಿತ್ರ ಪರ್ವತ'ದಲ್ಲಿ ಲೆನಿ ರೀಫೆನ್‌ಸ್ಟಾಲ್ ಕಡಲ ದಂಡೆಯ ನರ್ತಕಿಯಾಗಿ ಕಾಣಿಸಿಕೊಂಡರು. ಮುಂದೆ ಇದೇ ಕಲಾವಿದೆ ಹಿಟ್ಲರನ ಪ್ರಚಾರ ಚಿತ್ರಗಳನ್ನು ತೆಗೆದರೆಂಬುದನ್ನು ಮರೆತು ಆ ಚಿತ್ರ ನೋಡುವುದು ಇವತ್ತು ಕಷ್ಟ. ಒಬ್ಬಳ ಕನಸಿನ ಕುಣಿತದಿಂದ ಸಾವಿರಾರು ಜನರ ಏಕಸೂತ್ರದ ಚಲನೆಗೆ ಹತ್ತೇ ವರ್ಷದ ದಾರಿ.

ಆ ದಾರಿಗೆ ಒಗ್ಗದವರು ದೇಶ ಬಿಟ್ಟರು. 1936ರಲ್ಲಿ ನೃತ್ಯ ಸಂಯೋಜಕ ರುಡಾಲ್ಫ್ ಲಾಬಾನ್ ಬರ್ಲಿನ್ ಒಲಿಂಪಿಕ್ಸ್‌ಗಾಗಿ ಬೇರೆ ಬೇರೆ ಊರುಗಳ ಸುಮಾರು 1000 ಹವ್ಯಾಸಿಗಳನ್ನು ಸೇರಿಸಿ ನೃತ್ಯವೊಂದನ್ನು ಸಿದ್ಧಪಡಿಸಿದ್ದರು. ಕೊನೆಯ ತಾಲೀಮು ನೋಡಿದ ನಾಜಿ ಪ್ರಚಾರ ಸಚಿವ ಗೋಬೆಲ್ಸ್ ಅದನ್ನು ನಿಷೇಧಿಸಿದ. ಇನ್ನೊಬ್ಬ ನೃತ್ಯ ಸಂಯೋಜಕ ಕುರ್ಟ್ ಯೋಸ್ ಅದಕ್ಕೂ ಮೊದಲೇ, 1933ರಲ್ಲಿ, ತಂಡದ ಯಹೂದಿ ಸಂಗಾತಿಗಳನ್ನು ಕೈಬಿಡಲು ಒಪ್ಪದೆ ಹೊರಟುಹೋಗಿದ್ದರು. ತೆರೆಯ ಮೇಲೆ ಉಳಿದದ್ದು ಮಾರಿಕಾ ರ್‍ಯೋಕ್ ಅವರ ಗರಿ-ಜರಿಯ ರಂಜನೆ. 1941ರಲ್ಲಿ ಬಂದ ಜರ್ಮನಿಯ ಮೊದಲ ಬಣ್ಣದ ಕಥಾಚಿತ್ರದ ನಾಯಕಿಯೂ ಅವರೇ.

ಯೋಸ್ 1949ರಲ್ಲಿ ಎಸ್ಸೆನ್ ನಗರಕ್ಕೆ ಮರಳಿದರು. ಆ ಒಂದು ಮರಳುವಿಕೆ ಎಷ್ಟು ದೊಡ್ಡದೆಂದು ಆಗ ಯಾರೂ ಊಹಿಸಿರಲಾರರು. ಚಾಕು-ಚೂರಿ ತಯಾರಿಕೆಗೆ ಹೆಸರಾದ ಜೋಲಿಂಗನ್ ಪಟ್ಟಣದಲ್ಲಿ ಪುಟ್ಟ ವಸತಿಗೃಹ ನಡೆಸುತ್ತಿದ್ದ ದಂಪತಿಯ ಮಗಳೊಬ್ಬಳು 1955ರಲ್ಲಿ ಅಲ್ಲಿನ ಅವರ ನೃತ್ಯಶಾಲೆ ಸೇರಿದಳು. ಹೆಸರು ಪೀನಾ ಬೌಶ್.

ಅತ್ತ ಪೂರ್ವ ಜರ್ಮನಿಯಲ್ಲಿ ಸರ್ಕಾರಿ ಸ್ಟುಡಿಯೊ ಡೆಫಾ 'ಬಿಸಿ ಬೇಸಿಗೆ' (1968) ಎಂಬ ಹಾಡು-ಕುಣಿತದ ಚಿತ್ರ ತೆಗೆಯಿತು. ಲೈಪ್ಸಿಗ್‌ನ ಹುಡುಗಿಯರು, ಕಾರ್ಲ್-ಮಾರ್ಕ್ಸ್-ನಗರದ ಹುಡುಗರು ರಜೆಗೆಂದು ಬಾಲ್ಟಿಕ್ ಕಡಲಿಗೆ ಹೊರಡುವ ಕಥೆ. ಜನ ಮುಗಿಬಿದ್ದು ನೋಡಿದರು. ಅಲ್ಲಿನ ಕುಣಿತದಲ್ಲಿ ಖುಷಿಯಿದೆ, ಜಗಳ ಪ್ರೇಮದ್ದಷ್ಟೇ.

ಪಶ್ಚಿಮ ಜರ್ಮನಿಯ ಮನೆಮನೆಗೆ ನರ್ತಕಿಯ ಕನಸನ್ನು ತಲುಪಿಸಿದ್ದು ಟಿ.ವಿ. 1987ರ ಕ್ರಿಸ್‌ಮಸ್ ಹೊತ್ತಿಗೆ ಝಡ್‌ಡಿಎಫ್ ವಾಹಿನಿ 'ಅನ್ನಾ' ಎಂಬ 6 ಕಂತುಗಳ ಧಾರಾವಾಹಿ ಪ್ರಸಾರ ಮಾಡಿತು. ಬ್ಯಾಲೆ ಕಲಿಯುವ ಹುಡುಗಿ ಕಾರು ಅಪಘಾತದಲ್ಲಿ ಗಾಯಗೊಂಡು, ನಡೆಯುವುದನ್ನೇ ಮೊದಲಿನಿಂದ ಕಲಿಯುತ್ತಾಳೆ. ಅವಳಿಗೆ ಛಲ ತುಂಬುವವನು ಗಾಲಿಕುರ್ಚಿಯಲ್ಲಿರುವ ರೈನರ್. ಅನ್ನಾ ಪಾತ್ರದ ಸಿಲ್ವಿಯಾ ಸೈಡೆಲ್ ರಾತ್ರೋರಾತ್ರಿ ಮನೆಮಾತಾದರು, ಬ್ಯಾಲೆ ಶಾಲೆಗಳಿಗೆ ಹುಡುಗಿಯರು ದಂಡುದಂಡಾಗಿ ಬಂದರು, ಮರುವರ್ಷ ಅದೇ ಕಥೆ ಸಿನಿಮಾ ಆಗಿ ಮುಂದುವರಿಯಿತು. 'ಅನ್ನಾ' ಅಳುಬುರುಕ ಧಾರಾವಾಹಿ ಎಂದು ತಳ್ಳಿಹಾಕುವುದು ಅನ್ಯಾಯ. ಇಲ್ಲಿ ಅಪ್ಪಣೆ ಕೊಡಬೇಕಾದದ್ದು ಸರ್ಕಾರವಲ್ಲ, ತನ್ನದೇ ಕಾಲು. ನರ್ತಕಿಯ ನೋವನ್ನು ಇದು ನಡುಮನೆಗೇ ತಂದಿತು.

ಬರ್ಲಿನ್ ಗೋಡೆ ಬಿದ್ದ ಮೇಲೆ ದೊಡ್ಡ ತಿರುವು ಬಂದದ್ದು ಸಾಕ್ಷ್ಯಚಿತ್ರಗಳಿಂದ. 'ರಿದಮ್ ಈಸ್ ಇಟ್!' (2004) ಬರ್ಲಿನ್‌ನ 250 ಶಾಲಾಮಕ್ಕಳು ಸ್ಟ್ರಾವಿನ್‌ಸ್ಕಿಯ 'ವಸಂತಾರ್ಚನೆ'ಗೆ ಹೆಜ್ಜೆ ಹಾಕಲು ಕಲಿತದ್ದನ್ನು ದಾಖಲಿಸಿತು. ಸೈಮನ್ ರ್‍ಯಾಟಲ್ ನೇತೃತ್ವದ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ, ವೇದಿಕೆ ಹಳೆಯ ಬಸ್ ಡಿಪೊ. ಮಕ್ಕಳು ಕಿಲಕಿಲ ನಗುತ್ತಾರೆ, ಮೈ ಮುದುಡುತ್ತಾರೆ. ಗುರು ರಾಯ್‌ಸ್ಟನ್ ಮಾಲ್ಡೂಮ್ ಮೌನ ಬೇಕೆಂದು ಹಟ ಹಿಡಿಯುತ್ತಾರೆ. ಆ ಹಟ ಮಕ್ಕಳ ಮೇಲಿನ ಗೌರವವೆಂದು ಅರ್ಥವಾಗುವ ಹೊತ್ತಿಗೆ ನೋಡುವವರ ಬೆನ್ನೂ ನೆಟ್ಟಗಾಗಿರುತ್ತದೆ.

ಅದಕ್ಕಿಂತ ಮೃದುವಾದದ್ದು, ನನ್ನ ಮಟ್ಟಿಗೆ ಈ ಇಡೀ ಪರಂಪರೆಯಲ್ಲೇ ಮಿಗಿಲಾದದ್ದು, ಆನ್ನೆ ಲಿನ್ಸೆಲ್ ಮತ್ತು ರೈನರ್ ಹಾಫ್‌ಮನ್ ಅವರ 'ನೃತ್ಯಸ್ವಪ್ನಗಳು' (2010). ಜೋಲಿಂಗನ್‌ನ ಆ ಹುಡುಗಿ 1973ರಿಂದ ಪಕ್ಕದ ವುಪ್ಪರ್‌ಟಾಲ್‌ನಲ್ಲಿ ತಂಡ ಕಟ್ಟಿ ನೃತ್ಯದ ವ್ಯಾಕರಣವನ್ನೇ ಬದಲಿಸಿದ್ದರು. 1978ರ ತಮ್ಮ 'ಕೊಂಟಾಕ್ಟ್‌ಹೋಫ್' ಕೃತಿಯನ್ನು 2000ದಲ್ಲಿ 65 ದಾಟಿದ ಊರಿನ ಹಿರಿಯರಿಂದ ಆಡಿಸಿದರು. 2008ರಲ್ಲಿ 14 ತುಂಬಿದ ಶಾಲಾಮಕ್ಕಳಿಂದ. ಸ್ಪರ್ಶ, ನಾಚಿಕೆ, ಒಲವು, ಹಿಂಸೆಗಳ ಕೃತಿಯದು. ಪೀನಾ ಬೌಶ್ ಹೆಸರನ್ನೇ ಕೇಳಿರದ ಮಕ್ಕಳು ತಿಂಗಳುಗಟ್ಟಲೆ ತಾಲೀಮಿನಲ್ಲಿ ಒಬ್ಬರನ್ನೊಬ್ಬರು ಮುಟ್ಟಲು ಕಲಿಯುತ್ತಾರೆ. ಕ್ಯಾಮೆರಾ ಅವಸರ ಮಾಡುವುದಿಲ್ಲ. ಮೂಲೆಯಲ್ಲಿ ಕೂತು ನೋಡುವ ಬೌಶ್ ಅವರನ್ನು ಸೆರೆಹಿಡಿದ ಕೊನೆಯ ಚಿತ್ರಿಕೆಗಳಲ್ಲಿ ಇವೂ ಸೇರಿವೆ. 2009ರ ಜೂನ್ 30ರಂದು ಅವರು ತೀರಿಕೊಂಡರು. ವಿಮ್ ವೆಂಡರ್ಸ್ ಅವರ 3ಡಿ ಚಿತ್ರ 'ಪೀನಾ' (2011) ಜಗತ್ತಿನ ಕಣ್ಣು ಸೆಳೆಯಿತು, ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು.

ಕಥಾಚಿತ್ರಗಳು ಈಗ ಮತ್ತೆ ಬೀದಿಗೆ ಬಂದಿವೆ. ಸ್ಟೆಫಾನ್ ವೆಸ್ಟರ್‌ವೆಲ್ಲೆ ಅವರ 'ಇನ್‌ಟು ದ ಬೀಟ್' (2020) ಚಿತ್ರದ ಕಾತ್ಯಾ ಹ್ಯಾಂಬರ್ಗಿನ ಬ್ಯಾಲೆ ಮನೆತನದ ಹುಡುಗಿ. ನ್ಯೂಯಾರ್ಕಿನ ಬ್ಯಾಲೆ ಶಾಲೆಯ ಕನಸಿನಲ್ಲಿರುವಾಗಲೇ ಮಾರ್ಲಾನ್ ಎಂಬ ಹುಡುಗನಿಂದ ಬೀದಿ ನೃತ್ಯದ ರುಚಿ ಹತ್ತುತ್ತದೆ. ಅಪ್ಪಣೆ ಕೊಡಬೇಕಾದವನು ಅಪ್ಪ. ಕಾಟ್ಯಾ ಫಾನ್ ಗಾರ್ನಿಯರ್ ಅವರ 'ಫ್ಲೈ' (2021) ಬೆಕ್ಸ್ ಎಂಬ ಯುವ ಕೈದಿಯನ್ನು ಜೈಲಿನ ನೃತ್ಯ ತರಗತಿಗೆ ಕರೆದೊಯ್ಯುತ್ತದೆ. ಎರಡರ ಕಥೆಯ ಜಾಡೂ ಹಳೆಯದು, ಮುಂದೇನೆಂದು ಮೊದಲೇ ತಿಳಿಯುತ್ತದೆ. ಆದರೂ ನಿಜವಾದ ನರ್ತಕರು ಕುಣಿಯುವಾಗ ಆ ದೂರು ನೆನಪಿಗೆ ಬರುವುದಿಲ್ಲ.

2020ರ ವಸಂತದಲ್ಲಿ ಸೆನೆಗಲ್ ದೇಶದ ತೌಬಾಬ್ ದಿಯಾಲಾವ್ ಎಂಬ ಕಡಲೂರಿನಲ್ಲಿ ಆಫ್ರಿಕಾದ 14 ದೇಶಗಳ 38 ನರ್ತಕರು ಸ್ಟ್ರಾವಿನ್‌ಸ್ಕಿಯ ಆ ಸಂಗೀತಕ್ಕೆ ಬೌಶ್ ಸಂಯೋಜಿಸಿದ್ದ 'ವಸಂತಾರ್ಚನೆ' ನೃತ್ಯ ಕಲಿಯುತ್ತಿದ್ದರು. ಅದನ್ನು ಚಿತ್ರಿಸಲು ಜರ್ಮನ್ ನಿರ್ದೇಶಕ ಫ್ಲೋರಿಯನ್ ಹೈನ್ಸನ್-ತ್ಸಿಯೋಬ್ ಅಲ್ಲಿದ್ದರು. ಸಾಂಕ್ರಾಮಿಕ ಹಬ್ಬಿ ಪ್ರದರ್ಶನಗಳೆಲ್ಲ ರದ್ದಾದವು. ತಂತಮ್ಮ ಊರಿಗೆ ಚದುರುವ ಮುನ್ನ ನರ್ತಕರು ಅಲ್ಲಿನ ಕಡಲ ದಂಡೆಗೆ ನಡೆದರು. ರಂಗದಲ್ಲಾದರೆ ಈ ನೃತ್ಯಕ್ಕೆ ನೆಲಕ್ಕೆ ಮಣ್ಣು ಹರಡುತ್ತಾರೆ. ಇಲ್ಲಿ ಮರಳಿತ್ತು. ಹೊತ್ತು ಮುಳುಗುತ್ತಿದ್ದ ಹಾಗೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕುಣಿದರು. ಪ್ರೇಕ್ಷಕರಿರಲಿಲ್ಲ, ಟಿಕೆಟ್ಟಿರಲಿಲ್ಲ. 'ಡಾನ್ಸಿಂಗ್ ಪೀನಾ' (2022) ಚಿತ್ರ ಆ ಸಂಜೆಯನ್ನು ಉಳಿಸಿಕೊಂಡಿದೆ.