ಸ್ನಾತಕೋತ್ತರ ಪದವಿಗೆ ಯಾವ ವಿಷಯ? ಕಷ್ಟದ ಲೆಕ್ಕ, ಆಸಕ್ತಿಯ ಲೆಕ್ಕ

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ವಿದ್ಯಾರ್ಥಿಗೆ ಗುರುತು ಕೊಡುವುದು ಕಾಂಬಿನೇಷನ್. ಪಿಸಿಎಂ, ಸಿಬಿಝಡ್, ಎಚ್‌ಇಪಿ ಎಂದು ಮೂರು ವಿಷಯ ಒಟ್ಟಿಗೆ ಓದಿ ಬಂದವರು ಪಿಜಿ ಅರ್ಜಿ ತುಂಬುವಾಗ ಎರಡನ್ನು ಬಿಟ್ಟು ಒಂದನ್ನು ಹಿಡಿಯಬೇಕು. ಮುಂದಿನ ಎರಡು ವರ್ಷ, ನಾಲ್ಕು ಸೆಮಿಸ್ಟರ್ ಅದೊಂದೇ ವಿಷಯ. ಆ ಹೊತ್ತಿನಲ್ಲಿ ಮನೆಯವರೂ ಸೀನಿಯರ್‌ಗಳೂ ಕೇಳುವುದು ಎರಡೇ ಪ್ರಶ್ನೆ: ವಿಷಯ ಕಷ್ಟವೇ? ನಿನಗೆ ಇಷ್ಟವೇ? ಪ್ರಶ್ನೆಗಳು ಸರಿಯಾದವೇ. ಆದರೆ ಡಿಗ್ರಿ ತರಗತಿಯ ಅನುಭವವನ್ನಷ್ಟೇ ನಂಬಿ ಉತ್ತರ ಹೇಳಿದರೆ ಎರಡೂ ತಪ್ಪಬಹುದು. ಅದೇ ಹೆಸರಿನ ವಿಷಯ ಪಿಜಿಯಲ್ಲಿ ಬೇರೆಯೇ ಮುಖ ತೋರಿಸುತ್ತದೆ.

ಕಷ್ಟದಲ್ಲಿ ಹಲವು ಬಗೆ

ಗಣಿತದಲ್ಲಿ ಈ ಬದಲಾವಣೆ ಎಲ್ಲಕ್ಕಿಂತ ದೊಡ್ಡದು. ಬಿ.ಎಸ್ಸಿ.ವರೆಗೆ ಹೆಚ್ಚಿನ ಅಂಕ ಬರುವುದು ಲೆಕ್ಕ ಬಿಡಿಸುವ ಜಾಣ್ಮೆಗೆ. ಇಂಟಿಗ್ರೇಷನ್ ಮಾಡು, ಸಮೀಕರಣ ಬಿಡಿಸು, ಉತ್ತರ ತಾಳೆ ನೋಡು. ಎಂ.ಎಸ್ಸಿ.ಗೆ ಕಾಲಿಟ್ಟ ಕೂಡಲೇ ರಿಯಲ್ ಅನಾಲಿಸಿಸ್, ಆಲ್ಜೀಬ್ರಾ, ಟೊಪಾಲಜಿ ಎದುರಾಗುತ್ತವೆ. ಅಲ್ಲಿ ಸಂಖ್ಯೆಗಳೇ ಅಪರೂಪ. ಕೇಳುವುದೆಲ್ಲ ‘ಸಾಧಿಸಿ’ ಎಂದು. ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲೂ ಕಡಿಯದೆ ಎಳೆದ ಗೆರೆಗೆ ಅತಿ ಎತ್ತರದ ಒಂದು ಬಿಂದು ಇದ್ದೇ ಇರುತ್ತದೆ ಎಂಬುದು ಚಿತ್ರ ನೋಡಿದ ಯಾರಿಗೂ ಹೊಳೆಯುತ್ತದೆ. ಚಿತ್ರದ ಆಸರೆಯಿಲ್ಲದೆ, ಬರೀ ವ್ಯಾಖ್ಯೆಗಳಿಂದ ಅದನ್ನು ಸಾಧಿಸುವುದು ಅನಾಲಿಸಿಸ್‌ನ ಕೆಲಸ. ವಾಲ್ಟರ್ ರೂಡಿನ್ 1953ರಲ್ಲಿ ಬರೆದ ಪಠ್ಯಪುಸ್ತಕ ಇಂದಿಗೂ ಈ ತರಗತಿಗಳಲ್ಲಿ ಓಡಾಡುತ್ತದೆ. ಅದರ ನಾಲ್ಕು ಸಾಲಿನ ಸಾಧನೆಯೊಂದು ಒಂದು ಸಂಜೆಯನ್ನೇ ನುಂಗಬಹುದು. ಡಿಗ್ರಿಯಲ್ಲಿ ನೂರಕ್ಕೆ ನೂರು ತೆಗೆದವರು ಇಲ್ಲಿ ಕಂಗಾಲಾಗುವುದುಂಟು. ಅಲ್ಲಿ ಸಾಧಾರಣ ಅಂಕ ಪಡೆದು, ಪ್ರತಿ ಹೆಜ್ಜೆಗೂ ‘ಯಾಕೆ’ ಎಂದು ಕೇಳುತ್ತಿದ್ದವರು ಇಲ್ಲಿ ಅರಳುವುದೂ ಉಂಟು.

ಭೌತಶಾಸ್ತ್ರದ ಕಷ್ಟ ಬೇರೆ ಜಾತಿಯದು. ಕ್ವಾಂಟಂ ಮೆಕ್ಯಾನಿಕ್ಸ್‌ನಲ್ಲಿ ಎಡವುವವರಲ್ಲಿ ಅನೇಕರು ಎಡವುವುದು ಭೌತಶಾಸ್ತ್ರದ ಮೇಲಲ್ಲ, ಅದರ ಕೆಳಗಿರುವ ಮ್ಯಾಟ್ರಿಕ್ಸ್ ಮತ್ತು ಸಂಮಿಶ್ರ ಸಂಖ್ಯೆಗಳ ಮೇಲೆ. ಇದು ಎರಡು ತಿಂಗಳ ರಜೆಯಲ್ಲಿ ಕೂತು ಸರಿಮಾಡಿಕೊಳ್ಳಬಹುದಾದ ಕೊರತೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಕಷ್ಟವೆಂದರೆ ನೆನಪು ಮತ್ತು ದೇಹದ ತ್ರಾಣ: ನೂರಾರು ಕ್ರಿಯೆಗಳ ಹಾದಿ ತಲೆಯಲ್ಲಿರಬೇಕು, ದಿನಕ್ಕೆ ಹಲವು ಗಂಟೆ ಲ್ಯಾಬಿನಲ್ಲಿ ನಿಂತಿರಬೇಕು. ಔಷಧ ಕಂಪನಿಗಳಲ್ಲಿ ಕೆಲಸ ಸಿಗುತ್ತದೆಂದು ಈ ಸೀಟಿಗೆ ನೂಕುನುಗ್ಗಲು ಇದೆ. ಆದರೆ ಕೆಲಸ ಸಿಕ್ಕ ಮೇಲೂ ದಿನಚರಿ ಅದೇ ಲ್ಯಾಬು.

‘ಎಂ.ಎ. ಸುಲಭ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡ ಎಂ.ಎ. ಎಂದರೆ ಕಾದಂಬರಿ, ಕವಿತೆ ಓದಿಕೊಂಡಿರುವುದು ಎಂದುಕೊಂಡು ಬಂದವರ ಮುಂದೆ 9ನೆಯ ಶತಮಾನದ ಕವಿರಾಜಮಾರ್ಗ, 10ನೆಯ ಶತಮಾನದ ಪಂಪ, 13ನೆಯ ಶತಮಾನದ ಕೇಶಿರಾಜನ ವ್ಯಾಕರಣ, ಛಂದಸ್ಸು, ಶಾಸನ, ಗ್ರಂಥಸಂಪಾದನೆ ಎಲ್ಲವೂ ಬಂದು ನಿಲ್ಲುತ್ತವೆ. ಹಳಗನ್ನಡದ ಒಂದು ಪದ್ಯವನ್ನು ಅನ್ವಯ ಮಾಡಿ ಬಿಡಿಸುವ ಶ್ರಮ ಯಾವ ಪ್ರಮೇಯಕ್ಕೂ ಕಡಿಮೆಯದಲ್ಲ. ಗಣಿತಕ್ಕೆ ಹೆದರಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಎಚ್‌ಇಪಿ ಹಿಡಿದವರಿಗೆ ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಇಕನಾಮೆಟ್ರಿಕ್ಸ್ ಎಂಬ ಹೆಸರಿನಲ್ಲಿ ಅದೇ ಗಣಿತ ಕಾದು ಕೂತಿರುತ್ತದೆ.

ಭಾಷೆಯ ಕಷ್ಟವನ್ನು ವಿಷಯದ ಕಷ್ಟವೆಂದು ತಿಳಿಯುವುದು ಇನ್ನೊಂದು ತಪ್ಪು. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಜಾಣರು ‘ನನಗೆ ವಿಜ್ಞಾನ ಹತ್ತುವುದಿಲ್ಲ’ ಎಂದು ಹೇಳಿಕೊಳ್ಳುವುದನ್ನು ಕೇಳಿದಾಗ ಸಂಕಟವಾಗುತ್ತದೆ. ಹತ್ತದೇ ಇರುವುದು ಇಂಗ್ಲಿಷ್ ವಾಕ್ಯ, ವಿಜ್ಞಾನವಲ್ಲ. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ, ಸಮಾಜಶಾಸ್ತ್ರದಂಥ ಎಂ.ಎ. ವಿಷಯಗಳ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಎಂ.ಎಸ್ಸಿ. ಇಂಗ್ಲಿಷಿನಲ್ಲಿ ನಡೆಯುತ್ತದೆ. ವಿಷಯ ಮನಸ್ಸಿಗೆ ಹಿಡಿದಿದ್ದರೆ, ಪಠ್ಯಪುಸ್ತಕಕ್ಕೆ ಬೇಕಾಗುವಷ್ಟು ಇಂಗ್ಲಿಷ್ ಒಂದು ವರ್ಷದೊಳಗೆ ಕೈಗೆ ಬರುತ್ತದೆ.

ಆಸಕ್ತಿ ನಿಜವೇ ಎಂದು ನೋಡುವುದು

ಆಸಕ್ತಿ ಎಂದು ನಾವು ಕರೆಯುವುದರಲ್ಲಿ ಹಲವು ಸಂಗತಿಗಳು ಕಲಸಿಹೋಗಿರುತ್ತವೆ. ಚೆನ್ನಾಗಿ ಪಾಠ ಮಾಡಿದ ಒಬ್ಬ ಮೇಷ್ಟರ ಮೇಲಿನ ಪ್ರೀತಿ, ಅಂಕ ಬಂದ ಖುಷಿ, ಜೊತೆಯವರೆಲ್ಲ ಅಲ್ಲಿಗೇ ಹೊರಟಿದ್ದಾರೆಂಬ ಸಮಾಧಾನ, ವಿಷಯದ ಹೆಸರಿಗಿರುವ ಮೆರುಗು. ಮೇಷ್ಟರು ಪಿಜಿಗೆ ನಮ್ಮ ಜೊತೆ ಬರುವುದಿಲ್ಲ. ಅವರು ಪಾಠ ಮಾಡದ ಅಧ್ಯಾಯವೂ ಹಿಡಿಸಿತ್ತೇ ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಗುತ್ತದೆ.

ಉಳಿದರ್ಧಕ್ಕೆ ಕೈಯಾರೆ ಮಾಡಿ ನೋಡುವುದೊಂದೇ ದಾರಿ. ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಪಠ್ಯಕ್ರಮ ಅದರ ಜಾಲತಾಣದಲ್ಲೇ ಇರುತ್ತದೆ. ಮೊದಲ ಸೆಮಿಸ್ಟರಿನ ಹಾರ್ಡ್‌ಕೋರ್ ಪೇಪರೊಂದನ್ನು ಆರಿಸಿ, ಅದರ ಒಂದು ಘಟಕವನ್ನು ಎರಡು ವಾರ ಓದಬೇಕು. ಸಾಫ್ಟ್‌ಕೋರ್ ಬೇಡ, ತಪ್ಪಿಸಿಕೊಳ್ಳಲಾಗದ ಪೇಪರೇ ಆಗಬೇಕು. ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಎನ್‌ಪಿಟೆಲ್‌ನಲ್ಲಿ ಅನೇಕ ಪಿಜಿ ಪೇಪರುಗಳ ಪಾಠ ಉಚಿತವಾಗಿ ಸಿಗುತ್ತದೆ. ವಿಡಿಯೊ ನೋಡಿ ಅರ್ಥವಾಯಿತು ಎಂದು ನಿಲ್ಲಿಸಿದರೆ ಏನೂ ಗೊತ್ತಾಗದು. ಪುಸ್ತಕದ ಹಿಂದಿನ ಐದು ಲೆಕ್ಕ ಹಿಡಿದು ಕೂರಬೇಕು. ಎರಡು ಬಾರದೇ ಹೋದರೆ ಚಿಂತೆಯಿಲ್ಲ. ರಾತ್ರಿ ಬಾರದ ಲೆಕ್ಕ ಬೆಳಿಗ್ಗೆ ಹಲ್ಲುಜ್ಜುವಾಗ ತಾನಾಗಿ ನೆನಪಿಗೆ ಬಂದರೆ ಅದು ಒಳ್ಳೆಯ ಸೂಚನೆ. ಪುಸ್ತಕ ಮುಚ್ಚಿದ ಮೇಲೆ ಎರಡು ವಾರವೂ ಒಮ್ಮೆಯೂ ನೆನಪಾಗದಿದ್ದರೆ ಅದೂ ಸೂಚನೆಯೇ.

ಪ್ರತಿ ವಿಷಯಕ್ಕೂ ಹೊರಗಿನವರಿಗೆ ಕಾಣದ ಬೇಸರದ ಕೆಲಸವಿದೆ. ಮೈಕ್ರೊಬಯಾಲಜಿಯಲ್ಲಿ ದಿನವೂ ಗಾಜಿನ ಸಾಮಾನು ತೊಳೆದು ಆಟೊಕ್ಲೇವ್ ಮಾಡುವುದು, ಭೂವಿಜ್ಞಾನದಲ್ಲಿ ಬಿಸಿಲಲ್ಲಿ ಬಂಡೆ ಅಳೆಯುತ್ತ ನಡೆಯುವುದು, ಇತಿಹಾಸದಲ್ಲಿ ಮಸುಕಾದ ಶಾಸನದ ಅಕ್ಷರ ಕೂಡಿಸುವುದು, ಮನಃಶಾಸ್ತ್ರದಲ್ಲಿ ಸಂಖ್ಯಾಶಾಸ್ತ್ರ. ವಿಷಯದ ಸೊಗಸು ಎಲ್ಲರಿಗೂ ಹಿಡಿಸುತ್ತದೆ. ಯಾವ ವಿಷಯದ ಬೇಸರವನ್ನು ನಾವು ಗೊಣಗದೆ ತಾಳಬಲ್ಲೆವೋ ಅದರಲ್ಲಿ ನಮ್ಮ ಆಸಕ್ತಿ ನಿಜವಾದದ್ದು. ಇದನ್ನು ತಿಳಿಯಲು ಎರಡನೇ ವರ್ಷದ ಸಾಮಾನ್ಯ ವಿದ್ಯಾರ್ಥಿಯೊಬ್ಬರನ್ನು ಕಂಡು ವಾರದ ದಿನಚರಿ ಕೇಳಬೇಕು. ರ‍್ಯಾಂಕ್ ಬಂದವರನ್ನು ಕೇಳಿದರೆ ಅವರ ಉತ್ತರ ನಮಗೆ ಅಳತೆಯಾಗದು.

ಮನಃಶಾಸ್ತ್ರದ ಬಗ್ಗೆ ಒಂದು ಮಾತು ಸೇರಿಸಲೇಬೇಕು. ನೊಂದವರಿಗೆ ನೆರವಾಗುವ ಹಂಬಲದಿಂದ ಅನೇಕರು ಅಲ್ಲಿಗೆ ಬರುತ್ತಾರೆ. ಆದರೆ ಸ್ನಾತಕೋತ್ತರ ಪದವಿ ಒಂದರಿಂದಲೇ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮುಗಿಸಿ ಅಲ್ಲಿ ಹೆಸರು ನೋಂದಾಯಿಸಬೇಕು.

ಶೇ. 55ರ ಗೆರೆ

‘ಇಷ್ಟವಿದ್ದರೆ ಸಾಕು, ಅಂಕ ಯಾಕೆ?’ ಎನ್ನುವವರು ಒಂದು ನಿಯಮವನ್ನು ಮರೆಯುತ್ತಾರೆ. ಕಾಲೇಜು ಅಧ್ಯಾಪಕ ಹುದ್ದೆಗೆ ಬೇಕಾದ ಯುಜಿಸಿ ನೆಟ್ ಬರೆಯಲು ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ. 50. ಇಲ್ಲಿ 54.9 ಅನ್ನು 55 ಎಂದು ಎಣಿಸುವುದಿಲ್ಲ. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಲು ಆಯಾ ವಿಷಯದಲ್ಲೇ ಸ್ನಾತಕೋತ್ತರ ಪದವಿ ಮತ್ತು ಬಿ.ಇಡಿ. ಬೇಕು. ಹಾಗಾಗಿ ಎರಡು ವಿಷಯಗಳಲ್ಲಿ ಮನಸ್ಸು ಸಮನಾಗಿ ತೂಗುತ್ತಿದ್ದರೆ, ಈ ಗೆರೆಯನ್ನು ನೆಮ್ಮದಿಯಾಗಿ ದಾಟಿಸುವ ವಿಷಯವನ್ನು ಹಿಡಿಯುವುದು ಹೇಡಿತನವಲ್ಲ. ಹೊಸ ಹೆಸರಿನ ಕೋರ್ಸ್ ಸೇರುವ ಮೊದಲು ಹಿಂದಿನ ನೇಮಕಾತಿ ಅಧಿಸೂಚನೆ ತೆರೆದು ಆ ಪದವಿಯ ಹೆಸರು ಅದರಲ್ಲಿದೆಯೇ ಎಂದು ಓದಬೇಕು.

ವಿಷಯ ಬದಲಿಸುವ ದಾರಿ

ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. ಬಳಿಕ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಡಿಗ್ರಿಯಲ್ಲಿ ಓದದ ವಿಷಯಕ್ಕೆ ಹೀಗೆ ದಾಟುವುದು ನಮ್ಮಲ್ಲಿ ಬಹುಕಾಲ ಸುಲಭವಿರಲಿಲ್ಲ. ಪತ್ರಿಕೋದ್ಯಮ, ಸಮಾಜಕಾರ್ಯ, ಗ್ರಂಥಾಲಯ ವಿಜ್ಞಾನಗಳಿಗೆ ಸಾಮಾನ್ಯವಾಗಿ ಯಾವ ಪದವಿಯಾದರೂ ಸಾಕಾಗುತ್ತಿತ್ತು; ಉಳಿದ ಹೆಚ್ಚಿನವಕ್ಕೆ ಡಿಗ್ರಿಯಲ್ಲಿ ಆ ವಿಷಯ ಓದಿರಬೇಕಿತ್ತು. ಯುಜಿಸಿಯ 2024ರ ಚೌಕಟ್ಟು, ಪ್ರವೇಶ ಪರೀಕ್ಷೆಯಲ್ಲಿ ಅರ್ಹತೆ ಪಡೆದವರಿಗೆ ಡಿಗ್ರಿಯಲ್ಲಿ ಓದದ ವಿಷಯವನ್ನೂ ತೆರೆದಿಡಬಹುದೆಂದು ಹೇಳಿದೆ. ಅದನ್ನು ಎಷ್ಟು ಪಾಲಿಸುತ್ತಾರೆಂಬುದು ಆಯಾ ವಿಶ್ವವಿದ್ಯಾಲಯದ ನಿಯಮಕ್ಕೆ ಸೇರಿದ್ದು. ಪ್ರವೇಶ ಪುಸ್ತಿಕೆಯ ಅರ್ಹತೆಯ ಪುಟವನ್ನು ಸ್ವತಃ ಓದಬೇಕು, ಬೇರೆಯವರ ಬಾಯಿಮಾತು ನಂಬಬಾರದು.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ-ಪಿಜಿ ಇದೆ. ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಬರೆಯಬೇಕು. ಅದರಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಜೈವಿಕ ತಂತ್ರಜ್ಞಾನ, ಗಣಿತೀಯ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಎಂದು 7 ಪತ್ರಿಕೆಗಳಿವೆ. ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಾದರೂ ಅರ್ಜಿ ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ತೆರೆಯುತ್ತದೆ. ಅಂದರೆ ಆಸಕ್ತಿಯ ಪರೀಕ್ಷೆಗೆಂದು ಮೇಲೆ ಹೇಳಿದ ಆ ಎರಡು ವಾರದ ಓದನ್ನು ಡಿಗ್ರಿಯ ಎರಡನೇ ವರ್ಷ ಮುಗಿದ ರಜೆಯಲ್ಲೇ ಮಾಡಿಕೊಳ್ಳಬೇಕು.