ಸಸಿಮಡಿಯಿಂದ ಸಂಕಿರಣಕ್ಕೆ: ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯ ಪ್ರಬಂಧ ಮಂಡನೆ

ವಿಶ್ವವಿದ್ಯಾಲಯಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅವುಗಳ ಸ್ಥಾಪನೆಯ ಕಾಯಿದೆ, ಕುಲಪತಿಗಳ ಪರಂಪರೆ, ಪಠ್ಯಕ್ರಮ ಹಾಗೂ ಹೆಸರಾಂತ ಅಧ್ಯಾಪಕರ ಸಾಧನೆಗಳನ್ನು ಆಧಾರವಾಗಿಟ್ಟುಕೊಂಡಿದ್ದಾರೆ. ವಿದ್ಯಾರ್ಥಿ ಈ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಎರಡೇ ಕಡೆ: ಪ್ರವೇಶ ಪಡೆದವರ ಪಟ್ಟಿಯಲ್ಲಿ ಮತ್ತು ತೇರ್ಗಡೆಯಾದವರ ಪಟ್ಟಿಯಲ್ಲಿ. ಇವೆರಡರ ನಡುವೆ ಆತ ಕೇಳುಗ. ಆದರೆ ಯಾವುದೋ ಒಂದು ಕಾಲಘಟ್ಟದಲ್ಲಿ ಈ ಕೇಳುಗ ತಾನೇ ಬರೆದ ಪ್ರಬಂಧವನ್ನು ಕೈಯಲ್ಲಿ ಹಿಡಿದು ಗುರುವಿನ ಮತ್ತು ಸಹಪಾಠಿಗಳ ಮುಂದೆ ಎದ್ದು ನಿಂತಿದ್ದಾನೆ. ಆ ಬದಲಾವಣೆ ಎಲ್ಲಿ, ಹೇಗೆ ನಡೆಯಿತು, ಅದಕ್ಕೆ ಯಾವ ಬಗೆಯ ದಾಖಲೆ ಉಳಿದಿದೆ ಎಂಬುದು ಶಿಕ್ಷಣದ ಇತಿಹಾಸದಲ್ಲಿ ಸಣ್ಣ ಪ್ರಶ್ನೆಯಲ್ಲ. ಜ್ಞಾನವನ್ನು ಪಡೆಯುವವನಿಗೆ ಜ್ಞಾನವನ್ನು ಕಟ್ಟುವ ಹಕ್ಕು ದೊರೆತದ್ದು ಯಾವಾಗ ಎಂಬ ಪ್ರಶ್ನೆಯ ಇನ್ನೊಂದು ರೂಪವೇ ಅದು.

ಇಂತಹ ಚರ್ಚೆ ಬಂದಾಗ ನಮ್ಮ ಪ್ರಾಚೀನ ವಿದ್ಯಾಕೇಂದ್ರಗಳನ್ನು ನೆನೆಯುವುದು ರೂಢಿ. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಸಂಗತಿಯನ್ನು ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಕ್ರಿ.ಶ. 945ರ ಸಾಲೋಟಗಿಯ ಶಾಸನದಿಂದ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ ವಸತಿಯ ಏರ್ಪಾಡಿದ್ದುದು ತಿಳಿಯುತ್ತದೆ. 1058ರ ನಾಗಾವಿಯ ಶಾಸನ ಘಟಿಕಾಸ್ಥಾನದ ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದ ಸರಸ್ವತೀ ಭಂಡಾರಿಗರನ್ನೂ ಉಲ್ಲೇಖಿಸುತ್ತದೆ. ಇವು ಹೆಮ್ಮೆಯ ಸಂಗತಿಗಳೇ ಸರಿ. ಆದರೆ ಇವುಗಳನ್ನು ಇಂದಿನ ಸಂಶೋಧನ ಸಂಕಿರಣದ ಪೂರ್ವರೂಪವೆಂದು ಕರೆಯುವುದು ಅವಸರದ ತೀರ್ಮಾನವಾಗುತ್ತದೆ. ವಾದ, ಪ್ರತಿವಾದಗಳ ಪರಂಪರೆ ಬಲವಾಗಿತ್ತು. ಅದರ ಗುರಿ ಇದ್ದ ಸಿದ್ಧಾಂತದ ಸಮರ್ಥನೆ ಅಥವಾ ಖಂಡನೆ. ಯಾರಿಗೂ ತಿಳಿಯದಿದ್ದ ಸಂಗತಿಯನ್ನು ವಿದ್ಯಾರ್ಥಿ ಹುಡುಕಿ ತಂದು ಸಭೆಗೆ ಒಪ್ಪಿಸಬೇಕೆಂಬ ನಿರೀಕ್ಷೆಗೆ ಶಾಸನಗಳಲ್ಲಿ ಆಧಾರ ಸಿಗುವುದಿಲ್ಲ.

ಯುರೋಪಿನ ಮಧ್ಯಯುಗದ ವಿಶ್ವವಿದ್ಯಾಲಯಗಳಿಗೂ ಈ ಮಾತು ಅನ್ವಯಿಸುತ್ತದೆ. ಪ್ಯಾರಿಸ್ಸಿನ ವಾದಸಭೆಯಲ್ಲಿ ಕಿರಿಯನಾದವನು ಆಕ್ಷೇಪಗಳಿಗೆ ಉತ್ತರಿಸುತ್ತಿದ್ದ. ಕೊನೆಯ ನಿರ್ಣಯ ಮಾತ್ರ ಗುರುವಿನದು. ಜರ್ಮನಿಯಲ್ಲಿ 18ನೆಯ ಶತಮಾನದವರೆಗೂ ಉಳಿದುಬಂದ ಒಂದು ಪದ್ಧತಿ ಇನ್ನೂ ಕುತೂಹಲಕಾರಿ. ಪದವಿಯ ಪ್ರಬಂಧವನ್ನು ಅನೇಕ ಸಂದರ್ಭಗಳಲ್ಲಿ ಅಧ್ಯಕ್ಷತೆ ವಹಿಸುವ ಪ್ರಾಧ್ಯಾಪಕನೇ ಬರೆಯುತ್ತಿದ್ದ. ವಿದ್ಯಾರ್ಥಿ ಅದನ್ನು ಸಭೆಯಲ್ಲಿ ಸಮರ್ಥಿಸುತ್ತಿದ್ದ. ಹೀಗಾಗಿ ಆ ಕಾಲದ ಮುದ್ರಿತ ಪ್ರಬಂಧಗಳ ಮುಖಪುಟದಲ್ಲಿ ಎರಡು ಹೆಸರುಗಳಿದ್ದರೆ ಕರ್ತೃ ಯಾರೆಂದು ನಿರ್ಧರಿಸಲು ಗ್ರಂಥಾಲಯಗಳ ಸೂಚೀಕಾರರು ಇಂದಿಗೂ ಹೆಣಗಬೇಕಾಗುತ್ತದೆ. ಸಭೆಯಲ್ಲಿ ಬಾಯಿ ವಿದ್ಯಾರ್ಥಿಯದು, ಬರಹ ಗುರುವಿನದು.

ಈ ಸಂಬಂಧ ಬದಲಾಗತೊಡಗಿದ್ದು ಗೋಟಿಂಗೆನ್ನಿನಲ್ಲಿ. 1730ರ ದಶಕದ ಕೊನೆಯಲ್ಲಿ, ಹೊಸದಾಗಿ ತೆರೆದ ಆ ವಿಶ್ವವಿದ್ಯಾಲಯದಲ್ಲಿ ಯೋಹಾನ್ ಮಥಿಯಾಸ್ ಗೆಸ್ನರ್ ಪ್ರಾಚೀನ ಭಾಷಾಶಾಸ್ತ್ರದ ಸೆಮಿನಾರನ್ನು ಆರಂಭಿಸಿದ. ‘ಸೆಮಿನಾರ್’ ಪದದ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಸಸಿಮಡಿ ಎಂದರ್ಥ. ಶಾಲೆಗಳಿಗೆ ಉಪಾಧ್ಯಾಯರನ್ನು ಬೆಳೆಸಿ ಕಳಿಸುವುದು ಅದರ ಮೊದಲ ಉದ್ದೇಶ. (ಕನ್ನಡದಲ್ಲಿ ಬಳಕೆಗೆ ಬಂದ ‘ವಿಚಾರ ಸಂಕಿರಣ’ದಲ್ಲಿ ಬೆರೆಯುವಿಕೆಯ ಅರ್ಥವಿದೆ, ಬೆಳೆಸುವಿಕೆಯ ಅರ್ಥವಿಲ್ಲ. ಪದ ಬದಲಾದಾಗ ಪರಿಕಲ್ಪನೆಯ ಒಂದು ತುಂಡು ದಾರಿಯಲ್ಲೇ ಉಳಿದುಹೋಯಿತೆನ್ನಬೇಕು.) ಗೆಸ್ನರ್‌ನ ನಂತರ ಹೈನೆ ಇದನ್ನು ಮುಂದುವರಿಸಿದ; 1787ರಲ್ಲಿ ಎಫ್. ಎ. ವೋಲ್ಫ್ ಹಾಲೆಯಲ್ಲಿ ಅದೇ ಮಾದರಿಯನ್ನು ಬೆಳೆಸಿದ. ಆಯ್ದ ಕೆಲವೇ ವಿದ್ಯಾರ್ಥಿಗಳು, ಅವರಿಗೆ ವೇತನ, ಸರದಿಯ ಪ್ರಕಾರ ಒಬ್ಬನ ಬರಹದ ಮೇಲೆ ಉಳಿದವರ ಟೀಕೆ. ಇದು ಅದರ ಚೌಕಟ್ಟು. ಪಠ್ಯವೊಂದರ ಪಾಠಾಂತರದ ಬಗೆಗೆ ಇಪ್ಪತ್ತು ವರ್ಷದ ಹುಡುಗ ಪ್ರಾಧ್ಯಾಪಕನಿಗಿಂತ ಭಿನ್ನವಾದ ಅಭಿಪ್ರಾಯ ಹೇಳಲು ಅವಕಾಶವಾದದ್ದು ಇಲ್ಲಿ.

ಇತಿಹಾಸದ ಅಧ್ಯಯನಕ್ಕೆ ಈ ಪದ್ಧತಿಯನ್ನು ತಂದು ಪ್ರಸಿದ್ಧಿಗೊಳಿಸಿದವನು ಲಿಯೋಪೋಲ್ಡ್ ಫಾನ್ ರಾಂಕೆ. 1825ರಲ್ಲಿ ಬರ್ಲಿನ್ನಿಗೆ ಬಂದ ಆತ ಉಪನ್ಯಾಸಗಳ ಜೊತೆಗೆ, ಕೆಲವು ವಿದ್ಯಾರ್ಥಿಗಳನ್ನು ಮನೆಯಲ್ಲಿ ಸೇರಿಸಿ ಮಧ್ಯಯುಗದ ಆಕರಗಳನ್ನು ಪರಿಶೀಲಿಸುವ ಅಭ್ಯಾಸ ನಡೆಸಿದ. ಗೆಯೋರ್ಗ್ ವೈಟ್ಸ್, ಗೀಸೆಬ್ರೆಖ್ಟ್, ಸೀಬೆಲ್ ಮೊದಲಾದವರು ಇಲ್ಲಿ ಪಳಗಿದವರು. ವೈಟ್ಸನು ವಿದ್ಯಾರ್ಥಿಯಾಗಿದ್ದಾಗ ದೊರೆ ಒಂದನೆಯ ಹೆನ್ರಿಯ ಆಳ್ವಿಕೆಯನ್ನು ಕುರಿತು ಕೈಗೊಂಡ ಅಧ್ಯಯನ 1837ರಲ್ಲಿ ಅಚ್ಚಾಗಿ, ಸ್ಯಾಕ್ಸನ್ ಮನೆತನದ ಕಾಲದ ವರ್ಷಾನುಕ್ರಮ ಚರಿತ್ರೆಯ ಮಾಲೆಗೆ ನಾಂದಿಯಾಯಿತು. ರಾಂಕೆಯ ಕೀರ್ತಿ ಅವನ ಗ್ರಂಥಗಳಿಂದ ಬಂದದ್ದು ನಿಜವಾದರೂ ಇತಿಹಾಸವನ್ನು ಒಂದು ವೃತ್ತಿಯನ್ನಾಗಿ ಮಾಡಿದ್ದು ಆ ಮನೆಯ ಮೇಜು. ವೈಟ್ಸ್ ಅದೇ ಕ್ರಮವನ್ನು ಗೋಟಿಂಗೆನ್ನಿಗೆ ಕೊಂಡೊಯ್ದ. ಅವನ ಬಳಿ ಕಲಿತ ಗೇಬ್ರಿಯಲ್ ಮೊನೊ ಪ್ಯಾರಿಸ್ಸಿಗೆ ಒಯ್ದ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಬೆಳೆದ ಈ ವಂಶಾವಳಿಯಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನವಿರಲಿಲ್ಲ. ಪ್ರಶ್ಯದ ವಿಶ್ವವಿದ್ಯಾಲಯಗಳು ಅವರನ್ನು ಪೂರ್ಣ ಪ್ರಮಾಣದ ವಿದ್ಯಾರ್ಥಿಗಳಾಗಿ ಸೇರಿಸಿಕೊಂಡದ್ದು 1908ರಲ್ಲಿ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ 1876ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಜರ್ಮನ್ ಮಾದರಿಯನ್ನು ತಿಳಿದೇ ಅನುಸರಿಸಿತು. ಹೈಡೆಲ್‌ಬರ್ಗ್‌ನಲ್ಲಿ ಪದವಿ ಪಡೆದಿದ್ದ ಹರ್ಬರ್ಟ್ ಬ್ಯಾಕ್ಸ್ಟರ್ ಆಡಮ್ಸ್ ಇತಿಹಾಸ ಮತ್ತು ರಾಜ್ಯಶಾಸ್ತ್ರದ ಸೆಮಿನಾರನ್ನು ನಡೆಸಿದ. ಉದ್ದನೆಯ ಮೇಜು, ಸುತ್ತ ಗ್ರಂಥಗಳು, ಪ್ರಬಂಧ ಓದುವವನೊಬ್ಬ, ಪ್ರಶ್ನಿಸುವವರು ಹಲವರು. ವುಡ್ರೋ ವಿಲ್ಸನ್, ಫ್ರೆಡರಿಕ್ ಜಾಕ್ಸನ್ ಟರ್ನರ್ ಮುಂತಾದವರು ಇಲ್ಲಿ ಕುಳಿತವರು. ಎರಡು ಸಂಗತಿಗಳು ಈ ಸೆಮಿನಾರಿಗೆ ವಿಶೇಷ ಮಹತ್ವ ತಂದಿವೆ. ಮೊದಲನೆಯದು, ಸಭೆಗಳ ನಡವಳಿಯನ್ನು ಬರೆದಿಡುವ ಪುಸ್ತಕವಿತ್ತು; ಯಾರು ಏನನ್ನು ಮಂಡಿಸಿದರು, ಏನು ಚರ್ಚೆಯಾಯಿತು ಎಂಬುದನ್ನು ಸಂಶೋಧಕರು ಇಂದು ಅದರಿಂದ ತಿಳಿಯಬಲ್ಲರು. ಎರಡನೆಯದು, 1882ರಿಂದ ವಿಶ್ವವಿದ್ಯಾಲಯವೇ ಒಂದು ಅಧ್ಯಯನ ಮಾಲೆಯನ್ನು ಹೊರತಂದು ವಿದ್ಯಾರ್ಥಿಗಳ ಪ್ರಬಂಧಗಳಿಗೆ ಅದರಲ್ಲಿ ಸ್ಥಾನ ಕೊಟ್ಟಿತು. ಓದಿದ್ದು ಅಚ್ಚಿಗೆ ಹೋಗುತ್ತದೆಂಬ ಅರಿವು ಬರೆಯುವವನ ಎಚ್ಚರವನ್ನೂ ಟೀಕಿಸುವವನ ಹೊಣೆಯನ್ನೂ ಒಟ್ಟಿಗೇ ಹೆಚ್ಚಿಸಿತು.

ಆದರೆ ಅದೇ ಆವರಣದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಕ್ರಿಸ್ಟೀನ್ ಲ್ಯಾಡ್ ಎಂಬಾಕೆ ಗಣಿತ ಮತ್ತು ತರ್ಕಶಾಸ್ತ್ರದ ವಿದ್ಯಾರ್ಥಿನಿ. ತತ್ತ್ವಜ್ಞ ಚಾರ್ಲ್ಸ್ ಪರ್ಸ್ ಸಂಪಾದಿಸಿ, ವಿಶ್ವವಿದ್ಯಾಲಯದ ಸದಸ್ಯರ ತರ್ಕಶಾಸ್ತ್ರ ಪ್ರಬಂಧಗಳೆಂದು 1883ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಆಕೆಯ ಬರಹವಿದೆ. ಡಾಕ್ಟರೇಟ್ ಪದವಿಗೆ ಬೇಕಾದುದೆಲ್ಲವನ್ನೂ ಆಕೆ 1882ರ ಹೊತ್ತಿಗೆ ಪೂರೈಸಿದ್ದಳು. ಪದವಿಯನ್ನು ಮಾತ್ರ ಕೊಟ್ಟದ್ದು 1926ರಲ್ಲಿ, ನಲವತ್ತನಾಲ್ಕು ವರ್ಷಗಳ ನಂತರ. ಭೂವಿಜ್ಞಾನದ ಫ್ಲಾರೆನ್ಸ್ ಬ್ಯಾಸ್ಕಮ್ ತರಗತಿಯಲ್ಲಿ ತೆರೆಯ ಹಿಂದೆ ಕುಳಿತು ಪಾಠ ಕೇಳಬೇಕಾಯಿತು. 1893ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದಳು. ಮಂಡನೆಯ ಅವಕಾಶವೆಂಬುದು ಎಲ್ಲರಿಗೂ ಒಂದೇ ಬಗೆಯಲ್ಲಿ ದೊರೆತ ವಸ್ತುವಲ್ಲ. ಬರಹವನ್ನು ಸ್ವೀಕರಿಸಿದ ಸಂಸ್ಥೆ ಬರೆದವಳನ್ನು ಹೊರಗೇ ನಿಲ್ಲಿಸಬಹುದು.

ಇಲ್ಲಿಯವರೆಗಿನದು ಸ್ನಾತಕೋತ್ತರ ಹಂತದ ಕಥೆ. ಪದವಿ ತರಗತಿಯ ವಿದ್ಯಾರ್ಥಿಗೂ ಸಂಶೋಧನೆಯಲ್ಲಿ ಪಾಲಿರಬೇಕೆಂಬ ವಿಚಾರ ಸಾಂಸ್ಥಿಕ ರೂಪ ಪಡೆದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಪೋಲರಾಯ್ಡ್ ಕಂಪನಿಯ ಎಡ್ವಿನ್ ಲ್ಯಾಂಡ್ 1957ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಮಾಡಿದ ಉಪನ್ಯಾಸದಲ್ಲಿ ಈ ವಾದವನ್ನು ಮುಂದಿಟ್ಟಿದ್ದ. 1969ರಲ್ಲಿ ಮಾರ್ಗರೆಟ್ ಮೆಕ್‌ವಿಕರ್ ಅಲ್ಲಿಯೇ ಪದವಿ ವಿದ್ಯಾರ್ಥಿಗಳ ಸಂಶೋಧನ ಕಾರ್ಯಕ್ರಮವನ್ನು ಸ್ಥಾಪಿಸಿದರು. 1987ರಲ್ಲಿ ಉತ್ತರ ಕೆರೋಲಿನದ ಆಶ್ವಿಲ್‌ನಲ್ಲಿ ಪದವಿ ವಿದ್ಯಾರ್ಥಿಗಳದೇ ಆದ ರಾಷ್ಟ್ರೀಯ ಸಂಶೋಧನ ಸಮ್ಮೇಳನ ಆರಂಭವಾಯಿತು. ಬೋಯರ್ ಆಯೋಗದ 1998ರ ವರದಿ ಇದನ್ನು ಸಂಶೋಧನ ವಿಶ್ವವಿದ್ಯಾಲಯಗಳ ಕರ್ತವ್ಯವೆಂದೇ ಸಾರಿತು. ಇಷ್ಟು ಜನರಿಗೆ ವೇದಿಕೆಯ ಮೇಲೆ ಸಮಯ ಒದಗಿಸುವುದು ಅಸಾಧ್ಯ. ಆ ತೊಡಕನ್ನು ಬಿಡಿಸಿದ್ದು ಭಿತ್ತಿಪ್ರಬಂಧ, ಅಂದರೆ ಪೋಸ್ಟರ್. 1969ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಸೇರಿದ ಯುರೋಪಿನ ಜೀವರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಕಾಣಿಸಿಕೊಂಡ ಈ ಪದ್ಧತಿ 1974ರಲ್ಲಿ ಅಮೆರಿಕಕ್ಕೆ ಬಂದಿತು. ಗೋಡೆಗೆ ಹಚ್ಚಿದ ಹಾಳೆಯ ಪಕ್ಕದಲ್ಲಿ ನಿಂತ ವಿದ್ಯಾರ್ಥಿಯ ಬಳಿಗೆ ಕೇಳುಗರೇ ನಡೆದು ಬರುತ್ತಾರೆ. ಸಂಖ್ಯೆ ಹೆಚ್ಚಿತು, ಎಲ್ಲರೂ ಒಬ್ಬನನ್ನೇ ಕೇಳಿ ಒಟ್ಟಾಗಿ ತೂಗಿ ನೋಡುವ ಸಭೆಯ ಗುಣ ಮಾತ್ರ ತಗ್ಗಿತು.

ಭಾರತದಲ್ಲಿ 1857ರ ಮೂರು ವಿಶ್ವವಿದ್ಯಾಲಯಗಳು ಲಂಡನ್ ಮಾದರಿಯ ಪರೀಕ್ಷಾ ಸಂಸ್ಥೆಗಳಾಗಿದ್ದವು. ಅಲ್ಲಿ ಸೆಮಿನಾರಿಗೆ ನೆಲೆಯೇ ಇರಲಿಲ್ಲ. 1917ರಲ್ಲಿ ಅಶುತೋಷ್ ಮುಖರ್ಜಿಯವರ ಮುಂದಾಳುತನದಲ್ಲಿ ಕಲ್ಕತ್ತೆಯ ಸ್ನಾತಕೋತ್ತರ ವಿಭಾಗಗಳು ರೂಪುಗೊಂಡ ಮೇಲೆ ಪರಿಸ್ಥಿತಿ ಬದಲಾಗತೊಡಗಿತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಆವರಣದಲ್ಲಿ ಈ ಕೆಲಸ ಒಂದು ವಿಶಿಷ್ಟ ದಾರಿಯನ್ನು ಹಿಡಿಯಿತು. ತರಗತಿಯ ಭಾಷೆ ಇಂಗ್ಲಿಷ್. ಕನ್ನಡದಲ್ಲಿ ಆಲೋಚಿಸಿ ಬರೆಯಲು ಪಠ್ಯಕ್ರಮದಲ್ಲಿ ಎಡೆ ಕಡಿಮೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘ ಮತ್ತು ಅದರ ಪತ್ರಿಕೆ ‘ಪ್ರಬುದ್ಧ ಕರ್ನಾಟಕ’ ಆ ಕೊರತೆಯನ್ನು ತುಂಬಿದವು. ಪಾಠದ ಹೊರಗೆ ಬೆಳೆದ ಈ ಸಂಘಜೀವನದ ದಶಕ ಮುಗಿಯುವ ಮೊದಲೇ, 1927ರಲ್ಲಿ, ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಡಿ. ಎಲ್. ನರಸಿಂಹಾಚಾರ್, ಕುವೆಂಪು ಅವರಂತಹವರು ಆ ಆರಂಭದ ದಿನಗಳ ವಿದ್ಯಾರ್ಥಿಗಳು. ಸಂಘ ಮೊದಲು, ತರಗತಿ ಆಮೇಲೆ ಎಂಬ ಈ ಅನುಕ್ರಮವನ್ನು ಗಮನಿಸಬೇಕು. ಜರ್ಮನಿಯಲ್ಲಿ ಪ್ರಾಧ್ಯಾಪಕನ ಮೇಜು ಮಾಡಿದ ಕೆಲಸದ ಒಂದು ಭಾಗವನ್ನು ಇಲ್ಲಿ ಕಾಲೇಜಿನ ಸಂಘ ಮಾಡಿತು.

ಮುಂದೆ 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ, 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದವು. ಸಮಾಜವಿಜ್ಞಾನವೂ ಸೇರಿದಂತೆ ನಾನಾ ಶಿಸ್ತುಗಳ ಸಂಶೋಧನೆಯನ್ನು ಕನ್ನಡದಲ್ಲಿಯೇ ಬರೆದು ಮಂಡಿಸಬಹುದೆಂಬುದು ಎರಡನೆಯದರ ಮೂಲಕ ನಿಯಮವಾಗಿಯೇ ನೆಲೆಗೊಂಡಿತು. ಕರ್ನಾಟಕ ಇತಿಹಾಸ ಅಕಾದೆಮಿಯ ವಾರ್ಷಿಕ ಸಮ್ಮೇಳನಗಳೂ ಅವುಗಳ ಪ್ರಬಂಧಗಳನ್ನು ಒಳಗೊಂಡ ‘ಇತಿಹಾಸ ದರ್ಶನ’ ಸಂಪುಟಗಳೂ ಸಂಶೋಧನ ವಿದ್ಯಾರ್ಥಿಗಳಿಗೆ, ತಾಲ್ಲೂಕು ಕೇಂದ್ರಗಳ ಅಧ್ಯಾಪಕರಿಗೆ ಮತ್ತು ಹವ್ಯಾಸಿಗಳಿಗೆ ಒಂದೇ ವೇದಿಕೆಯನ್ನು ಒದಗಿಸಿವೆ. ಊರ ಹೊರಗಿನ ವೀರಗಲ್ಲೊಂದನ್ನು ಮೊದಲು ಓದಿದವನ ಮಾತಿಗೆ ಅಲ್ಲಿ ಪದವಿಯ ಹಂಗಿಲ್ಲದೆ ಬೆಲೆ ಸಿಕ್ಕಿದೆ.

21ನೆಯ ಶತಮಾನದಲ್ಲಿ ಅವಕಾಶ ಕಡ್ಡಾಯದ ರೂಪ ತಾಳಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ಪಿಎಚ್.ಡಿ. ನಿಯಮಾವಳಿ, ಮಹಾಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಬೇಕೆಂದು ವಿಧಿಸಿತು. 2016ರ ನಿಯಮಾವಳಿ ಅದರ ಜೊತೆಗೆ ಸಮ್ಮೇಳನ ಅಥವಾ ಸಂಕಿರಣಗಳಲ್ಲಿ ಎರಡು ಪ್ರಬಂಧಗಳ ಮಂಡನೆಯನ್ನು ಸೇರಿಸಿ, ಪ್ರಮಾಣಪತ್ರ ಅಥವಾ ಅಚ್ಚಾದ ಪ್ರತಿಯ ರೂಪದಲ್ಲಿ ಪುರಾವೆ ಕೇಳಿತು. 2010ರಿಂದ ಅಧ್ಯಾಪಕರ ಬಡ್ತಿಗೂ ಸಂಕಿರಣಗಳ ಮಟ್ಟವನ್ನು ಅನುಸರಿಸಿ ಅಂಕಗಳಿದ್ದವು. ಬೇಡಿಕೆ ಹೀಗೆ ಎರಡು ಕಡೆಯಿಂದ ಏರಿದಾಗ ಪರಿಣಾಮ ಊಹಿಸಲು ಕಷ್ಟವಲ್ಲ. ಸಮಾನಾಂತರ ಗೋಷ್ಠಿಗಳು ಹೆಚ್ಚಿದವು, ಒಬ್ಬೊಬ್ಬರಿಗೆ ದೊರೆಯುವ ನಿಮಿಷಗಳು ಇಳಿದವು, ಚರ್ಚೆಯ ವೇಳೆ ಊಟದ ವೇಳೆಯೊಳಗೆ ಕರಗಿತು. ಆಡಮ್ಸ್‌ನ ನಡವಳಿ ಪುಸ್ತಕ ಯಾರು ಏನನ್ನು ಕೇಳಿದರೆಂದು ಹೇಳುತ್ತದೆ. ಪ್ರಮಾಣಪತ್ರ ಹೇಳುವುದು ಹಾಜರಿಯನ್ನು ಮಾತ್ರ. ದೂರದ ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ನೋಂದಣಿ ಶುಲ್ಕ ತೆತ್ತು, ಐದು ನಿಮಿಷ ಓದಿ, ಒಂದು ಪ್ರಶ್ನೆಯನ್ನೂ ಎದುರಿಸದೆ ಮರಳುವ ಸಂಶೋಧಕನಿಗೆ ಆದ ನಷ್ಟ ಯಾವ ಕಡತದಲ್ಲಿಯೂ ಸೇರುವುದಿಲ್ಲ. ಕಟ್ಟುನಿಟ್ಟಿನ ಉದ್ದೇಶ ಒಳ್ಳೆಯದೇ ಆಗಿದ್ದರೂ ಎಣಿಸಲು ಸುಲಭವಾದದ್ದನ್ನೇ ಎಣಿಸಲಾಯಿತು ಎಂಬ ಆಕ್ಷೇಪಕ್ಕೆ ಅದು ಗುರಿಯಾಗಲೇಬೇಕು.

ಕಡ್ಡಾಯವಿಲ್ಲದ ಕೆಲವು ಪ್ರಯತ್ನಗಳು ಇದಕ್ಕಿಂತ ಭಿನ್ನ. 1999ರಲ್ಲಿ ಆರಂಭವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ವಹಣೆಯಲ್ಲಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಎಳೆಯರನ್ನು ಸಂಶೋಧನೆಯ ಕಡೆಗೆ ಸೆಳೆಯಿತು. 2022ರಲ್ಲಿ ಅದು ನಿಂತಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ಕರ್ನಾಟಕ 2021–22ರಲ್ಲಿ ತಂದ ನಾಲ್ಕು ವರ್ಷಗಳ ಪದವಿಯ ಕೊನೆಯ ವರ್ಷದಲ್ಲಿ ಸಂಶೋಧನೆಗೆ ಸ್ಥಾನವಿತ್ತು. 2024–25ರಿಂದ ಪ್ರವೇಶ ಪಡೆಯುವವರಿಗೆ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು. ಪದವಿ ಹಂತದ ಸಂಶೋಧನೆ ಹೀಗೆ ಮತ್ತೆ ಆಯಾ ಕಾಲೇಜಿನ ಉತ್ಸಾಹಕ್ಕೆ ಬಿಟ್ಟ ವಿಷಯವಾಗಿದೆ.

ಧನಸಹಾಯ ಆಯೋಗದ 2022ರ ನಿಯಮಾವಳಿ ಪ್ರಕಟಣೆ ಮತ್ತು ಸಂಕಿರಣ ಮಂಡನೆಗಳ ಕಡ್ಡಾಯವನ್ನು ಕೈಬಿಟ್ಟಿತು. ಅದು ಉಳಿಸಿಕೊಂಡ ಒಂದು ಅಂಶ 2009ರಿಂದಲೂ ಇದ್ದದ್ದು; ಅದರ ಬಗೆಗೆ ಚರ್ಚೆ ನಡೆದದ್ದು ಕಡಿಮೆ. ಮಹಾಪ್ರಬಂಧವನ್ನು ಒಪ್ಪಿಸುವ ಮೊದಲು ಅಭ್ಯರ್ಥಿಯು ಸಂಶೋಧನ ಸಲಹಾ ಸಮಿತಿಯ ಮುಂದೆ ತನ್ನ ಕೆಲಸವನ್ನು ಮಂಡಿಸಬೇಕು. ಆ ಸಭೆ ವಿಭಾಗದ ಎಲ್ಲ ಅಧ್ಯಾಪಕರಿಗೂ ಇತರ ಸಂಶೋಧನಾರ್ಥಿಗಳಿಗೂ ತೆರೆದಿರಬೇಕು. ಅಲ್ಲಿ ಬಂದ ಟೀಕೆಗಳನ್ನು ಪ್ರಬಂಧದಲ್ಲಿ ಅಳವಡಿಸಿಕೊಳ್ಳಬಹುದು. ಇದಕ್ಕೆ ಬೇರೆ ಊರಿನ ಪ್ರಯಾಣ ಬೇಡ, ಶುಲ್ಕ ಬೇಡ. ಬಾಗಿಲು ತೆರೆದ ಒಂದು ಕೋಣೆ, ಒಂದು ಮೇಜು, ಪ್ರಬಂಧವನ್ನು ಮೊದಲೇ ಓದಿಕೊಂಡು ಬಂದ ಕೆಲವರು ಇದ್ದರೆ ಸಾಕು.